ಹೊಳೆಯುವ ಕಲ್ಲಿದ್ದಲನ್ನು ನಂಬದ ತೆಕ್ಲಾ

ಬೆಳಗಿನ ಆರು ಗಂಟೆ. ಪೋಲೆಂಡಿನ ರಿಬ್ನಿಕ್ ಊರಾಚೆಯ ಕಲ್ಲಿದ್ದಲು ಅಂಗಳಕ್ಕೆ ಈಗಷ್ಟೇ ಲಾರಿಯೊಂದು ಬಂದಿದೆ. ತೆಕ್ಲಾ ಗಾಯ್ದಾ ಅದರ ಮೇಲೇರಿ, ಮೊಣಕೈವರೆಗೆ ಕೈ ತೂರಿಸಿ, ರಾಶಿಯ ಒಡಲಿನಿಂದ ಒಂದು ಹಿಡಿ ತೆಗೆಯುತ್ತಾಳೆ. ನೆಲ್ಲಿಕಾಯಿ ಗಾತ್ರದ ತುಂಡುಗಳು ಮಿರಮಿರ ಮಿಂಚುತ್ತಿವೆ. ಅವಳ ಮುಖ ಮಾತ್ರ ಗಂಟಿಕ್ಕುತ್ತದೆ.

ಕೆಳಗೆ ಕಾಯುತ್ತಿರುವವನು ಎವಾಲ್ಡ್, ಮೂವತ್ತು ವರ್ಷ ಗಣಿಯಲ್ಲಿ ದುಡಿದು ನಿವೃತ್ತನಾದವನು. ಅವನ ಮನೆ ಬೆಚ್ಚಗಿಡುವ ಬಾಯ್ಲರ್‌ನಲ್ಲಿ ಸಂಜೆಯವರೆಗೆ ಸಾಲುವಷ್ಟೇ ಇದ್ದಲಿದೆ. ರಾತ್ರಿಗೆ ಮೈನಸ್ ಹದಿನೆಂಟು ಎಂದು ರೇಡಿಯೊ ಹೇಳಿದೆ. ಶ್ವಾಸಕೋಶದ ಕಾಯಿಲೆಯ ಹೆಂಡತಿ ಅಡೆಲಾ ಆಸ್ಪತ್ರೆಯಿಂದ ಬಂದು ಮೂರೇ ದಿನ. ಹೊಳಪು ನೋಡಿದರೇ ಒಳ್ಳೆಯ ಮಾಲೆಂದು ಗೊತ್ತಾಗುತ್ತದೆ, ಬೇಗ ತುಂಬಿಕೊಡು ಎಂದು ಅವನ ಅವಸರ.

"ಮೂವತ್ತು ವರ್ಷ ಅಗೆದಿದ್ದೀನಿ. ನಂಗೇ ಕಲ್ಲಿದ್ದಲು ಪಾಠ ಹೇಳ್ತೀಯಾ?"

"ಅಗೆದೋನು ನೀನು ಕಣಯ್ಯ. ದಿನಾ ಬೆಂಕಿ ಹಚ್ಚಿದೋಳು ಅಡೆಲಾ. ಅವಳನ್ನ ಕೇಳ್ಕೊಂಡ್ ಬಾ, ಹೋಗು."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಬಲ್ಲವರೂ ಕರ್ರಗೆ ಹೊಳೆಯುವುದಕ್ಕೆಲ್ಲ ಮರುಳಾಗುತ್ತಾರೆ. ಅದರಲ್ಲಿ ಮಾಜಿ ಗಣಿ ಕೆಲಸಗಾರರೇ ಮೊದಲಿಗರು ಎಂಬುದು ತೆಕ್ಲಾಳ ಅನುಭವ. ಅರವತ್ತೊಂದರ ಈಕೆ ಇಪ್ಪತ್ತೇಳು ವರ್ಷಗಳಿಂದ ಇಲ್ಲಿ ಸಲಿಕೆ ಹಿಡಿದಿದ್ದಾಳೆ. ದಿನಕ್ಕೆ ಇಪ್ಪತ್ತೈದು ಕಿಲೋದ ಇನ್ನೂರು ಚೀಲ ತುಂಬಿ, ತೂಗಿ, ಹೊಲಿಯುತ್ತಾಳೆ. ಬೆನ್ನು ನೆಟ್ಟಗಾಗುವುದು ಭಾನುವಾರ ಚರ್ಚಿನಲ್ಲಿ ಮಾತ್ರ ಎಂದು ನಗುತ್ತಾಳೆ. ಮಾಲಿನ ಗುಣ ನೋಡುವುದು ಅವಳ ಸಂಬಳದ ಕೆಲಸವೇ ಅಲ್ಲ.

ಅದನ್ನು ಅವಳು ಮೈಮೇಲೆ ಹಾಕಿಕೊಂಡದ್ದು ಹದಿನಾಲ್ಕು ಚಳಿಗಾಲಗಳ ಹಿಂದೆ. ಹೀಗೇ ಮಿಂಚುತ್ತಿದ್ದ ಮಾಲನ್ನು ನಂಬಿ ಒಬ್ಬ ಬಾಣಂತಿಯ ಮನೆಗೆ ಕಳಿಸಿದ್ದಳು. ಹೊಳಪೆಲ್ಲ ನೀರಿನದು. ಬಾಯ್ಲರ್ ಆರಿತು, ಕೊಳವೆಗಳು ಹೆಪ್ಪುಗಟ್ಟಿ ಒಡೆದವು, ತಾಯಿ ಕೂಸನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ನೆರೆಮನೆಗೆ ಓಡಿದಳು. ಮಗುವಿಗೇನೂ ಆಗಲಿಲ್ಲ. ತೆಕ್ಲಾಳನ್ನು ಯಾರೂ ಬೈಯಲೂ ಇಲ್ಲ. ಬೈದಿದ್ದರೆ ಎದೆ ಹಗುರಾಗುತ್ತಿತ್ತು ಎಂದು ಅವಳಿಗೆ ಇಂದಿಗೂ ಅನಿಸುತ್ತದೆ.

ಅಂದಿನಿಂದ ಪ್ರತಿ ಲಾರಿಗೂ ಪರೀಕ್ಷೆ. ಗಿರಾಕಿಗಳು ಕೂಡ ಸೌತೆ ಉಪ್ಪಿನಕಾಯಿಯ ಖಾಲಿ ಬಾಟಲಿಯಲ್ಲಿ ತಮ್ಮ ಮನೆಯ ಬೂದಿ ತಂದು ತೋರಿಸಬೇಕು. ಬೂದಿ ಹಿಟ್ಟಿನಂತಿದ್ದರೆ ಸರಿ. ಗಾಜಿನಂತೆ ಗಟ್ಟಿಕಟ್ಟಿದ್ದರೆ ಮಾಲು ಕೆಟ್ಟದ್ದು. ಉರಿಯದ ಕರಿತುಂಡು ಉಳಿದಿದ್ದರೆ ಬಾಯ್ಲರ್‌ಗೆ ಗಾಳಿ ಸಾಲದು, ಕಲ್ಲಿದ್ದಲನ್ನು ಬೈದು ಪ್ರಯೋಜನವಿಲ್ಲ.

ಈಗ ಒಂದು ಕಿಲೋ ತುಂಡುಗಳು ಕಚೇರಿಯ ಒಲೆಯ ಮೇಲೆ, ಕೇಕ್ ಬೇಯಿಸುವ ತಟ್ಟೆಯಲ್ಲಿ ಒಣಗುತ್ತಿವೆ. ಗಂಟೆ ಬಿಟ್ಟು ತೂಗಿದರೆ ಎಂಟುನೂರ ಇಪ್ಪತ್ತು ಗ್ರಾಂ; ಉಳಿದದ್ದೆಲ್ಲ ನೀರು. ಅಷ್ಟರಲ್ಲಿ ಅಂಗಳದ ಮಾಲೀಕ ಬರುತ್ತಾನೆ. ತುಸು ಒದ್ದೆಯಿದ್ದರೇನು, ಜನ ಕಾಯುತ್ತಿದ್ದಾರೆ ಎನ್ನುತ್ತಾನೆ. ಈ ವಯಸ್ಸಿನಲ್ಲಿ ಕೆಲಸ ಹೋದರೆ ಬೇರೆ ಸಿಗದು; ತೆಕ್ಲಾಳಿಗೆ ಭಯವಿದೆ. ಆದರೂ ಕಡ್ಡಿ ಮುರಿದಂತೆ ಹೇಳುತ್ತಾಳೆ.

"ನಾನು ಒಂದು ಚೀಲಾನೂ ತುಂಬಲ್ಲ. ಬೇಕಿದ್ರೆ ನೀವೇ ತುಂಬಿ, ಅಡೆಲಾ ಮನೆಗೆ ನೀವೇ ಕೊಟ್ಟು ಬನ್ನಿ."

ಮಾಲೀಕ ತಟ್ಟೆಯನ್ನು ನೋಡುತ್ತಾನೆ, ಎವಾಲ್ಡ್‌ನನ್ನು ನೋಡುತ್ತಾನೆ. ಕೊನೆಗೆ ಲಾರಿ ತಿರುಗಿಸುವಂತೆ ಚಾಲಕನಿಗೆ ಕೈ ಮಾಡುತ್ತಾನೆ. ಮುಂದಿನ ಲೋಡು ನಾಡಿದ್ದು.

ಎವಾಲ್ಡ್‌ನ ಮುಖ ಇಳಿದುಹೋಗಿದೆ. ತೆಕ್ಲಾ ಅಂಗಳದ ಶೆಡ್ಡಿನೊಳಗೆ ಹೋಗಿ ನಾಲ್ಕು ಚೀಲ ಎಳೆದುತರುತ್ತಾಳೆ. ತನ್ನ ಮನೆಗೆಂದು ತೆಗೆದಿಟ್ಟ, ಒಣಗಿಸಿ ನೋಡಿದ ಮಾಲು. ನಿನ್ನ ಗತಿಯೇನು ಎಂದು ಅವನು ಕೇಳುತ್ತಾನೆ. ಅಡುಗೆಮನೆಯಲ್ಲಿ ಸೌದೆ ಒಲೆಯಿದೆ, ಎರಡು ರಾತ್ರಿ ಅಲ್ಲೇ ಮಲಗುತ್ತೇನೆ ಎನ್ನುತ್ತಾಳೆ. ಇದನ್ನು ಊರಿಗೆಲ್ಲ ಹೇಳುತ್ತೇನೆ ಎಂದು ಅವನು ಚೀಲಕ್ಕೆ ಕೈ ಹಾಕುತ್ತಾನೆ.

"ಬೇಡಪ್ಪ," ಎನ್ನುತ್ತಾಳೆ ತೆಕ್ಲಾ. "ಮನೆ ಬೆಚ್ಚಗಿದ್ರೆ ಯಾರಿಗೂ ನನ್ನ ನೆನಪಾಗಲ್ಲ. ತಣ್ಣಗಾದ್ರೆ ಊರಿಗೆಲ್ಲ ನನ್ನ ಹೆಸರೇ. ಈ ಜನವರಿ ಪೂರ್ತಿ ಯಾರ ಬಾಯಲ್ಲೂ ನನ್ನ ಹೆಸರು ಬರಬಾರ್ದು. ನಂಗೆ ಅಷ್ಟಾದ್ರೆ ಸಾಕು."