ಹೆಸರು ತೆಗೆದ ಮೇಲೆ

ಗೋಗಿಯಿಂದಾಚೆ, ಕಾಲುವೆ ದಂಡೆಯ ನಮ್ಮ ಸಣ್ಣ ಊರಿಗೆ ಶೇಖಮ್ಮ ಒಬ್ಬಳೇ ಆಶಾ ಕಾರ್ಯಕರ್ತೆ, ಅವಳ ಅಂಜಿಕೆ ಮಾತ್ರ ಹತ್ತು ಊರಿಗಾಗುವಷ್ಟು. ಬಸುರಿಗೆ ಎಷ್ಟು ತಿಂಗಳೆಂದು ಕೇಳುವುದಿದ್ದರೂ ಮೊದಲು ಕದ ಹಾಕುತ್ತಾಳೆ. ಯಾರ ಮೈಮೇಲಾದರೂ ಸ್ಪರ್ಶವಿಲ್ಲದ ಮಚ್ಚೆ ಕಂಡರೆ ಕುಷ್ಠ ಎಂಬ ಶಬ್ದವನ್ನು ಬಾಯಿಗೆ ತಾರದೆ 'ಆ ಬ್ಯಾನಿ' ಅನ್ನುತ್ತಾಳೆ, ಏಕೆಂದರೆ ಆ ಹೆಸರು ಬಿದ್ದ ಮನೆಗೆ ಬೀಗರು ಬರುವುದಿಲ್ಲ. ರಿಜಿಸ್ಟರನ್ನು ಜೋಳದ ಡಬ್ಬಿಯಲ್ಲಿ ಹುಗಿದಿಡುತ್ತಾಳೆ. "ಅಂಜಬ್ಯಾಡ ಯಕ್ಕಾ, ನಿನ್ನ ಮಾತು ನನ್ನ ಹೊಟ್ಟ್ಯಾಗ ಇರ್ತದ" ಎಂದು ಮನೆಮನೆಗೂ ಭಾಷೆ ಕೊಡುತ್ತಾಳೆ. ಕೋಳಿಗಳು ಬಾಯಿ ತೆರೆದು ಕೂರುವಂಥ ಬಿಸಿಲಿನಲ್ಲೂ ಅವಳ ಕುಪ್ಪಸದ ತೋಳು ಮುಂಗೈ ಮುಟ್ಟುತ್ತದೆ. ಕೇಳಿದರೆ "ಕಾಲುವಿ ಸೊಳ್ಳಿ ಭಾಳ್ರಿ" ಅನ್ನುತ್ತಾಳೆ. ಮೊನ್ನೆ ಶಹಾಪುರದಲ್ಲಿ ತರಬೇತಿ ಮುಗಿಸಿದವಳು ಮನೆಗೂ ಹೋಗದೆ ಸೀದಾ ಶಾಲೆಗೆ, ನನ್ನ ಹತ್ತಿರ ಬಂದಳು. ಆಶಾಗಳು ಬರೆದುಕೊಟ್ಟ ರೋಗಿಗಳ ಮಾಹಿತಿಯನ್ನೆಲ್ಲ ಆರೋಗ್ಯ ಇಲಾಖೆಯವರು ಒಟ್ಟು ಮಾಡಿ, ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡಲೆಂದು ಹೊರಗಿನ ಕಂಪನಿಗಳಿಗೂ ಕೊಡುತ್ತಾರಂತೆ. "ಹೆಸರು ತೆಗದು ಕೊಡ್ತಾರಂತಲ್ಲವ್ವಾ, ಮತ್ಯಾಕ ಅಂಜಿಕಿ?" ಎಂದೆ. "ಹೆಸರಷ್ಟೇ ತೆಗಿತಾರ್ರಿ ಮಾಸ್ತರ. ಊರು, ವಯಸ್ಸು, ಮಾಡೋ ಕೆಲಸ, ಬ್ಯಾನಿ ಎಲ್ಲಾ ಹಂಗೇ ಇರ್ತಾವಂತ." ಹೋಗಿ ಕೋಣೆಯ ಕದ ಹಾಕಿ ಬಂದಳು. "ನಮ್ಮೂರಾಗ ಆಶಾ ಎಷ್ಟು ಮಂದಿ ಅದೀವ್ರಿ?" ಎಂದು ಕೇಳುತ್ತಲೇ ಕುಪ್ಪಸದ ಎಡತೋಳನ್ನು ಬೆರಳಿನವರೆಗೂ ಎಳೆದುಕೊಂಡಳು. ಅಲ್ಲಿ ಒಂದು ಸೊಳ್ಳೆಯೂ ಇರಲಿಲ್ಲ.