ಒಪ್ಪಂದದ ಇಂಗ್ಲಿಷ್ ಕಲಿಸಿದ ಯಶೋಧರಾ ಮೇಡಂ

ನಮ್ಮ ಸೀಮೆಯ ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸಿದವರು ಅನೇಕರಿದ್ದಾರೆ. ಆ ಇಂಗ್ಲಿಷನ್ನು ಕರಾರುಪತ್ರದ ಮುಂದೆ ಕೂರಿಸಿ ಕಲಿಸಿದವರು, ನಾನು ಬಲ್ಲಂತೆ, ಶ್ರೀಮತಿ ಯಶೋಧರಾ ಅವರೊಬ್ಬರೇ. ಮೂವತ್ತೊಂದು ವರ್ಷಗಳ ಅಧ್ಯಾಪನದ ಬಳಿಕ ಅವರು ಚನ್ನಗಿರಿಯಲ್ಲಿ ನಿವೃತ್ತರಾಗುತ್ತಿದ್ದಾರೆ. ಈಗ ಹೊನ್ನಾಳಿಯಲ್ಲಿ ಅದೇ ಪಾಠ ಮಾಡುತ್ತಿರುವ, ಅವರ ಶಿಷ್ಯೆಯಾದ ನನಗೆ ಸಂಪಾದಕರು ಎರಡು ಪುಟ ಕೊಟ್ಟಿದ್ದಾರೆ. ಹೊಗಳಿಕೆ ಎಂದರೆ ಮೇಡಂಗೆ ಮೈಯುರಿ. ಆದ್ದರಿಂದ ನಡೆದದ್ದನ್ನಷ್ಟೇ ಬರೆಯುತ್ತೇನೆ.

ಮೇಡಂ ನ್ಯಾಮತಿಯಲ್ಲಿ ಸೇವೆ ಆರಂಭಿಸಿ ಹೊನ್ನಾಳಿಗೆ ವರ್ಗವಾಗಿ ಬಂದಾಗ, ಹಾಸ್ಟೆಲಿನ ಅಡುಗೆಯ ಹೊನ್ನೂರಮ್ಮ ತಮ್ಮ ಗುತ್ತಿಗೆ ಕೆಲಸದ ಕಾಗದವನ್ನು ಓದಿಸಿಕೊಳ್ಳಲು ತಂದರಂತೆ. ಅಂತಿಮ ಬಿ.ಎ.ಯ ಮೂವರು ಓದಿದರು. ಬಿಡಿ ಪದಗಳ ಅರ್ಥ ಮೂವರಿಗೂ ಗೊತ್ತಿತ್ತು. ತಮ್ಮನ್ನು ಕೆಲಸದಿಂದ ಯಾವಾಗ ತೆಗೆಯಬಹುದು ಎಂದು ಹೊನ್ನೂರಮ್ಮ ಕೇಳಿದ್ದಕ್ಕೆ ಮಾತ್ರ ಉತ್ತರ ಗೊತ್ತಿರಲಿಲ್ಲ. ಮೇಡಂಗೆ ನಾಚಿಕೆಯಾಯಿತು. ಅಂದಿನಿಂದ ಪದಗಳನ್ನು ಜೋಡಿಯಾಗಿಯೇ ಕಲಿಸತೊಡಗಿದರು: ‘ಎಂಟರ್ ಇನ್‌ಟು ಎ ಕಾಂಟ್ರ್ಯಾಕ್ಟ್’ ಎಂದರೆ ಒಪ್ಪಂದ ಮಾಡಿಕೊಳ್ಳುವುದು, ‘ಬ್ರೀಚ್ ಆಫ್ ಕಾಂಟ್ರ್ಯಾಕ್ಟ್’ ಎಂದರೆ ಒಪ್ಪಂದದ ಉಲ್ಲಂಘನೆ, ‘ಟರ್ಮಿನೇಟ್ ದ ಕಾಂಟ್ರ್ಯಾಕ್ಟ್’ ಎಂದರೆ ಅದನ್ನು ಕೊನೆಗೊಳಿಸುವುದು. ಪ್ರತಿ ಗುರುವಾರ ವಿದ್ಯಾರ್ಥಿಗಳು ನಿಜವಾದ ಕರಾರುಪತ್ರವೊಂದರ ಜೆರಾಕ್ಸ್ ತರಬೇಕು, ಇಂಥ ಜೋಡಿಗಳಿಗೆ ಗೆರೆ ಎಳೆಯಬೇಕು, ಆಮೇಲೆ ಮನೆಯವರಿಗೆ ಅದನ್ನೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಇದು ಸಿಲಬಸ್‌ನಲ್ಲಿಲ್ಲ ಎಂದು ಪ್ರಾಂಶುಪಾಲರೊಬ್ಬರು ನೆನಪಿಸಿದಾಗ, “ಸೈನ್ ಹಾಕಾದೂ ಸಿಲಬಸ್‌ನಾಗಿಲ್ಲ ಸಾರ್, ಆದ್ರೂ ಎಲ್ರೂ ಹಾಕ್ತಾರಲ್ಲ” ಎಂದರಂತೆ.

ನಾನು ಮೇಡಂ ಕೈಗೆ ಸಿಕ್ಕಿದ್ದು ಅವರು ಜಗಳೂರಿಗೆ ವರ್ಗವಾದ ಮೇಲೆ. ಆಗ ನಮ್ಮ ನಾಲ್ಕೆಕರೆ ಹೊಲವನ್ನು ಸೋಲಾರ್ ಕಂಪನಿಯೊಂದು ಇಪ್ಪತ್ತೆಂಟು ವರ್ಷದ ಗುತ್ತಿಗೆಗೆ ಕೇಳಿತು. ಆ ಹೊಲದ ಮೂಲೆಯಲ್ಲಿ, ಹುಣಸೆ ಮರದ ಬುಡದಲ್ಲಿ, ನಮ್ಮಪ್ಪನನ್ನು ಮಣ್ಣು ಮಾಡಿದ್ದೇವೆ. ನಮ್ಮವ್ವ ಸುಂಕಲಮ್ಮ ಅಮಾವಾಸ್ಯೆ ತಪ್ಪಿಸದೆ ಅಲ್ಲಿಗೆ ಎಡೆ ಒಯ್ಯುತ್ತಾಳೆ.

ಕಂಪನಿಯವರು ಕಾಗದ ತಂದದ್ದು ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ. ಹತ್ತೂವರೆಗೆ ರಾಹುಕಾಲ. ನಮ್ಮ ಕಡೆಯವರ ಚಾಳಿಯೇ ಇದು: ಒಳ್ಳೆಯ ಗಳಿಗೆ ಮೀರುತ್ತದೆಂದು ಮೊದಲು ಸಹಿ, ಓದುವುದು ಆಮೇಲೆ. “ಲಗೂನ ಕೊಡ್ರಿ, ರಾಹುಕಾಲ ಬರತೈತೆ” ಎಂದು ಅವ್ವ ಅವಸರಿಸಿದಳು. ಅಷ್ಟು ಗುರುವಾರ ಪಾಠ ಕೇಳಿದ್ದ ನಾನೋ, ಹೇಳಲು ನಾಚಿಕೆ, ಪೆನ್ನು ಹುಡುಕಿ ಕೊಟ್ಟೆ!

ಸಾಕ್ಷಿಯ ಸಹಿಗೆಂದು ಮೇಡಂ ಅವರನ್ನು ಕರೆಸಿದ್ದೆವು. ಅವರು ಬಂದವರೇ ಪೆನ್ನು ಕಿತ್ತುಕೊಂಡರು. ಆದರೆ ಅವ್ವನ ನಂಬಿಕೆಯನ್ನು ಹೀಯಾಳಿಸಲಿಲ್ಲ.

“ಸುಂಕಲಮ್ಮಾರೇ, ಒಳ್ಳೆ ಗಳಿಗೇಲಿ ಕಾಗದಕ್ಕೆ ಅರಿಶಿನ ಕುಂಕುಮ ಹಚ್ರಿ. ಸೈನ್ ಓದಿದ ಮೇಲೆ ಹಾಕೀರಂತೆ” ಎಂದರು. ನನ್ನ ಕಡೆ ತಿರುಗಿ, “ಓದಮ್ಮ ಮೇಘಶ್ರೀ, ಜೋರಾಗಿ.”

ಏಳನೆಯ ಪುಟದಲ್ಲಿ ‘ಎಕ್ಸ್‌ಕ್ಲೂಸಿವ್ ಪೊಸೆಷನ್’ ಬಂತು. ಪರೀಕ್ಷೆಯಲ್ಲಿ ಅದರ ಅರ್ಥ ಬರೆದು ಅಂಕ ಗಿಟ್ಟಿಸಿದವಳು ನಾನು. “ಅಂದ್ರೆ ಏನು ಅಂತ ಅವ್ವಗೆ ಹೇಳು” ಎಂದರು ಮೇಡಂ. ಬಾಯಿ ತೆರೆದಾಗಲೇ ನನಗೆ ಅದು ನಿಜವಾಗಿ ತಿಳಿದದ್ದು.

“ಅವ್ವಾ, ಹೊಲ ಪೂರಾ ಅವರ ಸ್ವಾಧೀನಕ್ಕೆ ಹೋಗತೈತೆ. ಬೇಲಿ ಹಾಕಿದ ಮೇಲೆ ಅವರು ಬಿಡದೆ ನಾವು ಒಳಗೆ ಹೋಗಂಗಿಲ್ಲ.”

“ನಿಮ್ಮಪ್ಪನ ಹತ್ರಕ್ಕೂ?”

“ಹ್ಞೂಂ.”

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

“ಎಲ್ರಿಗೂ ಇದೇ ನಮೂನೆ ಮೇಡಂ, ಬದಲು ಮಾಡಾಕೆ ಬರಲ್ಲ” ಎಂದರು ಕಂಪನಿಯವರು.

“ಸೈನ್ ಆಗೋತನಕ ಇದು ಡ್ರಾಫ್ಟ್ ರೀ. ತಿದ್ದಾಕೆ ಬರತೈತೆ” ಎಂದು ಮೇಡಂ ಕಾಗದ ಮಡಚಿ ಅವರ ಕೈಗಿಟ್ಟರು.

ಮುಂದಿನ ಮೂರು ವಾರ ನಮಗೆ ನೆಮ್ಮದಿ ಇರಲಿಲ್ಲ. ಟೀಚರಮ್ಮನ ಮಾತು ಕೇಳಿ ಬಂದ ಅದೃಷ್ಟ ಒದ್ದಿರಿ ಎಂದು ನೆರೆಯವರು ಆಡಿಕೊಂಡರು. ಕಂಪನಿ ನಮ್ಮ ಹೊಲ ಕೈಬಿಟ್ಟರೆ ಗುತ್ತಿಗೆಯ ಹಣವಿಲ್ಲದೆ ನನ್ನ ಓದೂ ಅಲ್ಲಿಗೇ ನಿಲ್ಲುತ್ತಿತ್ತು. ಮೇಡಂ ಮಾತ್ರ ಸಂಜೆ ಸಂಜೆ ಬಂದು, ಕಂಪನಿಯವರಿಗೆ ಫೋನು ಹಚ್ಚಿ, ಒಂದೊಂದು ಸಾಲಿಗೂ ಜಗ್ಗಾಡಿದರು. ಕೊನೆಗೆ ‘ರೈಟ್ ಆಫ್ ಆಕ್ಸೆಸ್’ ಎಂಬ ಹೊಸ ಕಲಮು ಸೇರಿತು: ಹುಣಸೆ ಮರದವರೆಗೆ ಯಾವಾಗ ಬೇಕಾದರೂ ಹೋಗಿಬರುವ ಹಕ್ಕು ನಮ್ಮ ಮನೆಯವರಿಗೆ. ಅದನ್ನು ಕೊನೆಯ ಅಕ್ಷರದವರೆಗೆ ಓದಿಸಿಕೊಂಡೇ ಅವ್ವ ಸಹಿ ಹಾಕಿದಳು.

ಚನ್ನಗಿರಿಗೆ ಹೋದ ಮೇಲೂ ಮೇಡಂ ಬದಲಾಗಲಿಲ್ಲ. ಮರದ ಮೇಲಿನ ಅಡಿಕೆಯನ್ನು ಮುಂಚಿತವಾಗಿ ಗುತ್ತಿಗೆಗೆ ಮಾತಾಡಿಕೊಳ್ಳುವ ಚೇಣಿ ತಮ್ಮ ಮನೆಯಲ್ಲಿ ಬಾಯಿಮಾತಿನಲ್ಲೇ ನಡೆಯುತ್ತದೆ, ಕಾಗದ ಎಲ್ಲಿಂದ ತರಲಿ ಎಂದು ನಲ್ಲೂರಿನ ವಿದ್ಯಾರ್ಥಿನಿ ಸಂಧ್ಯಾರಾಣಿ ಕೇಳಿದಾಗ, ಗದರದೆ ಆ ಬಾಯಿಮಾತನ್ನೇ ಬೋರ್ಡಿನ ಮೇಲೆ ಬರೆಸಿ ‘ಓರಲ್ ಅಗ್ರಿಮೆಂಟ್’ ಕಲಿಸಿದರಂತೆ.

ಅವರ ಕಣ್ಣು, ಕನ್ನಡಕ, ಸಿಟ್ಟು ಮೂರೂ ಬಹುಕಾಲ ಚೆನ್ನಾಗಿರಲಿ. ತುಂಬು ಆಯುಷ್ಯದುದ್ದಕ್ಕೂ ನಮ್ಮ ಕಾಗದಗಳನ್ನು ಓದುತ್ತಿರಲಿ. ಈ ಲೇಖನದಲ್ಲಿ ಏನು ಬರೆಯಲಿ ಎಂದು ಅವ್ವನನ್ನು ಕೇಳಿದೆ. ಹೊಲದಲ್ಲಿ ಎಡೆ ಇಟ್ಟು ಆಗತಾನೇ ಬಂದಿದ್ದಳು.

“ಬ್ಯಾರೇನೂ ಬ್ಯಾಡ. ನಾಳೆ ನನ್ನನ್ನೂ ನಿಮ್ಮಪ್ಪನ ಮಗ್ಗುಲಿಗೇ ಇಡಾಕೆ ಯಾರೂ ಅಡ್ಡ ಬರಂಗಿಲ್ಲ, ಅದನ್ನೂ ಆ ಕಾಗದದಾಗೆ ಬರೆಸಿಕೊಟ್ಟಾರೆ ಅಂತ ಬರಿ.”