ಅಮ್ಮವಾರು ಕೇಳಿದ ಪ್ರಶ್ನೆಗಳು

ನನ್ನ ಮಗಳು ಮಾತು ಕಲಿತದ್ದೇ ಪ್ರಶ್ನೆ ಕೇಳುವುದಕ್ಕೆ ಇರಬೇಕು. ಮೂರನೇ ಕ್ಲಾಸಿಗೆ ಬರುವ ಹೊತ್ತಿಗೆ ಅವಳಿಗೆ ಲೋಕದ ದೇವರುಗಳ ಹುಚ್ಚು ಹಿಡಿಯಿತು. ನನ್ನ ಫೋನಿನಲ್ಲಿ ವಿಡಿಯೊ ನೋಡಿ, ಈಜಿಪ್ಟಿನವರು ಸತ್ತವರ ಗುಂಡಿಗೆಯನ್ನು ಗರಿಯ ಜೊತೆ ತೂಗುತ್ತಾರಂತೆ, ಚೀನಾದಲ್ಲಿ ಮಳೆ ತರುವುದು ಹಾವಿನಂಥ ಒಂದು ಪ್ರಾಣಿಯಂತೆ ಎಂದೆಲ್ಲ ತೆಲುಗು ಸೀಮೆಯ ಕಲ್ಯಾಣದುರ್ಗದ ನಮ್ಮ ಅಡುಗೆಮನೆಗೆ ತಂದು ಸುರಿಯುತ್ತಿದ್ದಳು. ನಮ್ಮತ್ತೆಗೆ ರೇಗುತ್ತಿತ್ತು. "ಇಲ್ಲಿರೋ ದೇವ್ರುಗಳ್ಗೇ ಮಾಡಿ ಮುಗ್ಸಕ್ಕಾಯ್ತಿಲ್ಲ, ಪರದೇಶದೋವು ಬೇರೆ. ಸುಮ್ಕೆ ಉಣ್ಣಮ್ಮಿ" ಅನ್ನುತ್ತಿದ್ದರು. ನಾನು ಯಾರ ಕಡೆಗೂ ಸೇರುತ್ತಿರಲಿಲ್ಲ. ದೇವರ ಜೊತೆ ನನಗೆ ಜಗಳವಿಲ್ಲ, ಸಲಿಗೆಯೂ ಇಲ್ಲ.

ಒಂದು ಪ್ರಶ್ನೆಗೆ ಮಾತ್ರ ಬೈಗುಳವೂ ಸಿಗುತ್ತಿರಲಿಲ್ಲ. "ಹಿಂದೂಪುರದ ಅತ್ತೆ ನಮ್ಮನೆಗ್ಯಾಕೆ ಬರಲ್ಲ?"

ಅವಳು ನನ್ನ ನಾದಿನಿ. ಬೇರೆ ಜಾತಿಯ ಹುಡುಗನನ್ನು ಮೆಚ್ಚಿ ಮದುವೆಯಾಗಿ, ಹಿಂದೂಪುರದಲ್ಲಿ ಗಾರ್ಮೆಂಟ್ಸಿಗೆ ಹೋಗಿಕೊಂಡು ಸಂಸಾರ ಮಾಡುತ್ತಿದ್ದಳು. ಮದುವೆಯ ಸುದ್ದಿ ತಿಳಿದ ದಿನ ಅತ್ತೆ ಪಡಸಾಲೆಯಲ್ಲಿ ನಿಂತು, "ಇನ್ಮೇಲೆ ಅವಳು ಈ ಹೊಸ್ಲು ದಾಟಂಗಿಲ್ಲ" ಅಂದಿದ್ದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆಡಿದವರಿಗಿಂತ ಬಿಗಿಯಾಗಿ ಆ ಮಾತನ್ನು ಹಿಡಿದುಕೊಂಡವನು ನನ್ನ ಗಂಡ. ಅಮ್ಮನಿಗೆ ನೋವು ಕೊಟ್ಟವಳು ಎಂಬುದು ಅವನ ವಾದ. ನಾನು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವ ನೆಪದಲ್ಲಿ ನಾದಿನಿಗೆ ಫೋನ್ ಮಾಡುತ್ತಿದ್ದೆ. "ಅವ್ವ ಹೆಂಗವ್ಳೆ ಅತ್ತಿಗೆ?" ಎಂದು ಕೇಳದೆ ಅವಳು ಬೇರೆ ಮಾತು ಶುರುಮಾಡುತ್ತಿರಲಿಲ್ಲ.

ಯುಗಾದಿ ಕಳೆದ ಮೇಲೆ ಮಗಳಿಗೆ ಮೈತುಂಬ ಗುಳ್ಳೆ ಎದ್ದವು. ಡಾಕ್ಟರು ಚಿಕನ್‌ಪಾಕ್ಸ್ ಎಂದು ಮುಲಾಮು ಬರೆದುಕೊಟ್ಟರು. ಅತ್ತೆ, "ಅಮ್ಮವಾರು ಬಂದವ್ರೆ" ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಅಡುಗೆಗೆ ಒಗ್ಗರಣೆ ನಿಂತಿತು. ದೇವತೆಯೇ ಮಗುವಿನ ಮೈಮೇಲೆ ಬಂದು ಕೂತಿದ್ದಾಳೆ ಎಂದು ಲೆಕ್ಕ. ಅವಳು ಹೋಗುವ ತನಕ ಮಗುವನ್ನು ಗದರಿಸುವಂತಿಲ್ಲ, ಕೇಳಿದ್ದಕ್ಕೆ ಇಲ್ಲ ಅನ್ನುವಂತಿಲ್ಲ. ನಿನ್ನೆ ತನಕ ಸುಮ್ಕೆ ಉಣ್ಣಮ್ಮಿ ಅನ್ನುತ್ತಿದ್ದವರು ಚಾಪೆಯ ಪಕ್ಕ ಕೂತು ಬೇವಿನೆಲೆಯಿಂದ ಮೈ ಸವರುತ್ತ, "ಏನ್ ಬೇಕು ತಾಯೀ, ಹೇಳಿ" ಅನ್ನತೊಡಗಿದರು. ನಾನು ನಗು ತಡೆಯಲಾರದೆ ಹಿತ್ತಲಿಗೆ ಹೋದೆ.

ತನ್ನ ಹೊಸ ಅಧಿಕಾರ ಮಗಳಿಗೆ ಬೇಗ ಅರ್ಥವಾಯಿತು.

"ಜಪಾನಲ್ಲಿ ಹೊಳೆಯೊಳ್ಗೆ ಒಂದು ದೆವ್ವ ಐತಜ್ಜಿ. ಅದ್ರ ತಲೆಮ್ಯಾಲೆ ಬಟ್ಲಂಗೆ ಗುಂಡಿ, ಅದ್ರಲ್ಲಿ ನೀರು. ನಾವು ಬಗ್ಗಿ ಕೈಮುಗಿದ್ರೆ ಅದೂ ಬಗ್ತೈತೆ, ನೀರು ಚೆಲ್ಲಿ ಶಕ್ತಿ ಹೋಯ್ತೈತೆ. ಗೊತ್ತಿದ್ದೂ ಯಾಕ್ ಬಗ್ಬೇಕು?"

"ಮರ್ವಾದೆ ಇರೋ ದೆವ್ವ ಕಣಮ್ಮ."

"ಈಜಿಪ್ಟಲ್ಲಿ ಗುಂಡಿಗೆ ತೂಗಿದಾಗ ಗರಿಗಿಂತ ಭಾರ ಇದ್ರೆ?"

ಅತ್ತೆ ಅವಳ ಹಣೆಯ ಮೇಲಿನ ಕೂದಲು ಸರಿಸಿದರು. "ಹಗುರ ಇರೋ ಗುಂಡಿಗೆ ಯಾರ್ಗೈತೆ ತಾಯೀ? ಹೆತ್ತೋರ್ಗಂತೂ ಇಲ್ಲ."

"ಅಮ್ಮವಾರು ಸಾಬ್ರ ಮನೆಗೂ ಹೋಯ್ತಾರಾ?"

"ಹೋಯ್ತಾರೆ. ಎಲ್ಲಾರ್ ಮನೆಗೂ ಹೋಯ್ತಾರೆ."

"ಜಾತಿ ಕೇಳಲ್ವಾ?"

"ಅಮ್ಮವಾರಿಗೆಂಥ ಜಾತಿ" ಅಂದರು ಅತ್ತೆ. ಆಮೇಲೆ ಬೇವಿನ ಸೊಪ್ಪು ಹಿಡಿದ ಕೈ ನಿಂತಿತು. ತಾವೇ ಆಡಿದ ಮಾತು ತಮಗೇ ಕೇಳಿಸಿದಂತೆ ಗೋಡೆ ನೋಡುತ್ತ ಕೂತರು.

ಗುಳ್ಳೆ ಒಣಗಿದವು. ಇನ್ನು ಬೇವು ಅರಿಸಿನದ ನೀರು ಹಾಕಿ ಅಮ್ಮವಾರನ್ನು ಕಳಿಸಿಕೊಡಬೇಕು. ನಮ್ಮ ಮನೆಯಲ್ಲಿ ಮೊದಲ ಚೊಂಬು ನೀರು ಹಾಕಬೇಕಾದವಳು ಸೊಸೆಯಲ್ಲ, ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು. ರೊದ್ದಂನಲ್ಲಿರುವ ತಮ್ಮ ಮೈದುನನ ಮಗಳನ್ನು ಕರೆಸೋಣ ಎಂದು ಅತ್ತೆ ನನ್ನ ಹತ್ತಿರ ಮಾತಾಡುತ್ತಿದ್ದರು.

ಚಾಪೆಯ ಮೇಲಿಂದ ಮಗಳು, "ಅವ್ರು ಬ್ಯಾಡ. ಹಿಂದೂಪುರದ ಅತ್ತೆ ಬಂದು ಹಾಕ್ಲಿ" ಅಂದಳು.

ಜ್ವರ ಬಿಟ್ಟು ದಿನಗಳಾಗಿದ್ದವು, ಮಗಳು ಬೇಕೆಂದೇ ಕೇಳಿದ್ದಳು. ಅದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ನನ್ನ ಗಂಡ ಗೊಬ್ಬರದಂಗಡಿಗೆ ಹೊರಟು ಜಗಲಿಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ಅತ್ತೆ ಮೊಮ್ಮಗಳ ಕಿವಿಯ ಹತ್ತಿರ ಬಗ್ಗಿದರು.

"ಇನ್ನೊಂದ್ಸಲ ಹೇಳಿ ತಾಯೀ. ಜೋರಾಗಿ. ನನ್ ಮಗ ಆಚೆ ಅವ್ನೆ."

ಇಷ್ಟು ವರ್ಷ ನಾನು ಈ ಹೆಂಗಸಿನದು ಕಲ್ಲು ಮನಸ್ಸು ಎಂದುಕೊಂಡಿದ್ದೆ. ತನ್ನ ಮಾತನ್ನು ಮುರಿಯಲು ತನಗಿಂತ ದೊಡ್ಡವರೊಬ್ಬರು ಬರಲಿ ಎಂದು ಅವರು ಕಾಯುತ್ತಿದ್ದರು.

ಮಗಳು ಜೋರಾಗಿಯೇ ಹೇಳಿದಳು. ಗಂಡ ಒಳಗೆ ಬಂದು, "ಮಗು ಏನೋ ಅಂತು ಅಂತ..." ಎಂದು ಶುರುಮಾಡಿದ.

"ಮಗು ಅಲ್ಲ ಕಣ್ಲಾ, ಅಮ್ಮವಾರು" ಅಂದರು ಅತ್ತೆ. ಅವನು ನನ್ನ ಕಡೆ ತಿರುಗಿ ತಂಗಿಯ ನಂಬರು ಕೇಳಿದ. ನಾನು ಫೋನಿನಲ್ಲಿ ಹುಡುಕುವ ನಾಟಕವಾಡಿ ಕೊಟ್ಟೆ.

ಮಾರನೆಯ ದಿನ ನಾದಿನಿ ಪೆನುಕೊಂಡದ ಮೇಲೆ ಹಾದು ಬರುವ ಬಸ್ಸಿಗೆ ಬಂದಳು. ಕಾಲು ತೊಳೆದುಕೊಂಡವಳು ಬಾಗಿಲಲ್ಲೇ ನಿಂತಳು. ಅಮ್ಮನೂ ಬಾ ಅನ್ನಲಿಲ್ಲ, ಇವಳೂ ಒಳಗೆ ಬರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿ, ಅಮ್ಮವಾರು ಇರುವ ಮನೆಗೆ ಹೊರಗಿನವರು ಬರಬಾರದಲ್ಲಕ್ಕಾ, ಯಾರದು ಎಂದು ತೆಲುಗಿನಲ್ಲಿ ಕೂಗಿ ಕೇಳಿದಳು.

ಅತ್ತೆ ಎದ್ದು ಬಾಗಿಲಿಗೆ ಬಂದರು.

"ಹೊರಗಿನೋರು ಯಾರೂ ಇಲ್ಲ ಕಣಮ್ಮ. ನನ್ ಮಗಳು ಬಂದವ್ಳೆ."